ಮೋಟಾರಿನ ಬಟ್ಟೆಯ ಚಾವಣಿ: ಅದರ ಶುದ್ಧಿಯೂ ರಕ್ಷಣೆಯೂ

ಉಣ್ಣೆಯ ಶಾಲು, ರೇಷ್ಮೆಯ ಸೀರೆ, ಹಳೆಯ ಕೊಡೆ ಮೊದಲಾದ ಗೃಹೋಪಯೋಗಿ ವಸ್ತುಗಳ ರಕ್ಷಣೆಯನ್ನು ಕುರಿತು ಈ ಪುಟಗಳಲ್ಲಿ ನಾನು ಆಗಾಗ ಬರೆಯುತ್ತ ಬಂದಿರುವುದನ್ನು ವಾಚಕರು ಬಲ್ಲರು. ಕಳೆದ ತಿಂಗಳು ಬೆಂಗಳೂರಿನ ಗೃಹಿಣಿಯೊಬ್ಬರು ಹೊಸದೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರ ಮಗನು ಬಟ್ಟೆಯ ಚಾವಣಿಯುಳ್ಳ ಮೋಟಾರು ಗಾಡಿಯೊಂದನ್ನು ಕೊಂಡಿದ್ದಾನೆ. ಆ ಚಾವಣಿಯನ್ನು ಮಳೆ ಬಂದಾಗ ಮುಚ್ಚಬಹುದು, ಬಾನು ತಿಳಿಯಾದಾಗ ಹಿಂದಕ್ಕೆ ಮಡಿಸಿಡಬಹುದು. “ಎಷ್ಟಾದರೂ ಅದು ಬಟ್ಟೆಯೇ ತಾನೆ? ಬಟ್ಟೆ ಒಗೆಯುವ ಪುಡಿಯಿಂದಲೇ ಉಜ್ಜಿ ತೊಳೆದರೆ ಆಗದೆ?” ಎಂಬುದು ಆ ತಾಯಿಯವರ ಪ್ರಶ್ನೆ. ಸಂಸ್ಕೃತ ವ್ಯಾಕರಣವನ್ನು ಪಾಠ ಹೇಳುತ್ತ ತಲೆ ನರೆಸಿಕೊಂಡವನಿಗೆ ಮೋಟಾರಿನ ಮರ್ಮವು ಎಲ್ಲಿಂದ ತಿಳಿಯಬೇಕೆಂದು ಕೆಲವರು ನಗಬಹುದು. ಆದರೆ ಇದೊಂದು ವಿಷಯದಲ್ಲಿ ನನಗೆ ಅನುಭವವುಂಟು. ಅದೂ ಪರರ ಸೊತ್ತನ್ನು ಕೆಡಿಸಿ ಸಂಪಾದಿಸಿದ ಅನುಭವ.

2022ನೆಯ ಇಸವಿಯ ಬೇಸಗೆಯಲ್ಲಿ ನಾನು ಇಂಗ್ಲೆಂಡಿನಲ್ಲಿ ನೆಲಸಿರುವ ಮಗಳ ಮನೆಗೆ ಹೋಗಿ ಮೂರು ತಿಂಗಳು ಇದ್ದೆನು. ಅಳಿಯಂದಿರು ಹಲವು ವರ್ಷ ಹಣವನ್ನು ಉಳಿಸಿ, ನಾಲ್ಕು ಆಸನಗಳ ಹಳೆಯದೊಂದು ಗಾಡಿಯನ್ನು ಕೊಂಡಿದ್ದರು. ಅದಕ್ಕೆ ಕಡುನೀಲಿ ಬಟ್ಟೆಯ ಚಾವಣಿ. ಅವರಿಗೆ ಬೇರೆ ಯಾವ ವ್ಯಸನವೂ ಇಲ್ಲ. ಭಾನುವಾರ ಹೆಂಡತಿ ಮಕ್ಕಳೊಡನೆ ಆ ಗಾಡಿಯಲ್ಲಿ ಹಳ್ಳಿಗಳ ಕಡೆ ತಿರುಗಿ ಬರುವುದೊಂದೇ ಅವರ ಸುಖ. ಮನೆಯ ಮುಂದಿನ ಮರದಿಂದ ಬಿದ್ದ ಹಕ್ಕಿಗಳ ಹಿಕ್ಕೆಯೂ ಅಂಚಿನಲ್ಲಿ ಹಿಡಿದಿದ್ದ ಹಸುರು ಪಾಚಿಯೂ ನನ್ನ ಕಣ್ಣಿಗೆ ಬಿದ್ದವು. ಕೈಕಟ್ಟಿ ಕುಳಿತು ಉಣ್ಣುವುದು ನನಗೆ ಒಗ್ಗದು. ಒಂದು ದಿನ ಅಳಿಯಂದಿರು ರೈಲಿನಲ್ಲಿ ಕೆಲಸಕ್ಕೆ ಹೋಗಿದ್ದಾಗ, ಬಕೀಟಿನಲ್ಲಿ ಬಟ್ಟೆಯ ಪುಡಿಯನ್ನು ಕಲಸಿ, ನೆಲ ತಿಕ್ಕುವ ಗಡುಸಾದ ಬ್ರಷ್ಷಿನಿಂದ ಆ ಚಾವಣಿಯನ್ನು ಒಂದು ಗಂಟೆ ಉಜ್ಜಿದೆನು. ಮಧ್ಯಾಹ್ನಕ್ಕೆ ಬಿಸಿಲು ಬಂದಿತು. ಮೊಮ್ಮಗಳು ಶಾಲೆಯಿಂದ ಬಂದವಳು “ತಾತ, ಮಡಿಸಿ ತೋರಿಸು” ಎಂದಳು. ಕೈಯಿಂದ ಮುಟ್ಟಿ ನೋಡಿದರೆ ಒಣಗಿದಂತೆಯೇ ಇತ್ತು. ಗುಂಡಿಯನ್ನೊತ್ತಿದೆನು, ಚಾವಣಿಯು ಹಿಂದಕ್ಕೆ ಮಡಿಸಿಕೊಂಡಿತು. ಮಗಳು ಗಾಡಿಯನ್ನು ಹಾಗೆಯೇ ಗ್ಯಾರೇಜಿಗೆ ಸೇರಿಸಿದಳು. ಮಾರನೆಯ ಬೆಳಗ್ಗೆ ನಾವೆಲ್ಲರೂ ರೈಲಿನಲ್ಲಿ ಸ್ಕಾಟ್ಲೆಂಡಿಗೆ ಯಾತ್ರೆ ಹೊರಟೆವು. ಹಿಂದಿರುಗಿದುದು ಹನ್ನೆರಡನೆಯ ದಿನ.

ಬಾಗಿಲನ್ನು ತೆರೆದಾಗಲೇ ಮುಗ್ಗಲು ವಾಸನೆಯು ಮುಖಕ್ಕೆ ಹೊಡೆಯಿತು. ಚಾವಣಿಯನ್ನು ಬಿಚ್ಚಿ ಮುಂದಕ್ಕೆಳೆದರೆ ಒಳಗಿನ ಅಸ್ತರಿಯಲ್ಲಿ ಮಡಿಕೆಗಳ ಉದ್ದಕ್ಕೂ ಕಪ್ಪು ಬೂಷ್ಟು. ಹೊರಗೆ ಪುಡಿಯ ಬಿಳಿಯ ಗೆರೆಗಳು. ಬ್ರಷ್ಷು ಹಾಯ್ದಲ್ಲೆಲ್ಲ ನೂಲು ಎದ್ದುನಿಂತು ಬಟ್ಟೆಯು ಜುಂಗಾಗಿತ್ತು. ಆ ಸಂಜೆಯೇ ಮಳೆ ಬಂದಿತು. ಮೊದಲು ತಾವರೆಯೆಲೆಯ ಮೇಲಿನ ಹನಿಗಳಂತೆ ಉರುಳಿ ಹೋಗುತ್ತಿದ್ದ ನೀರು ಈಗ ಬಟ್ಟೆಯೊಳಕ್ಕೆ ಇಳಿಯತೊಡಗಿತು. ಅಳಿಯಂದಿರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಇರಲಿ ಮಾವ, ನೀವು ಒಳ್ಳೆಯದಕ್ಕೆಂದೇ ಮಾಡಿದಿರಿ” ಎಂದರು. ಅವರು ಎರಡು ಮಾತು ಬೈದಿದ್ದರೆ ನನ್ನ ಮನಸ್ಸು ಎಷ್ಟೋ ಹಗುರವಾಗುತ್ತಿತ್ತು. ಇಂಥ ತೆರೆದ ಗಾಡಿಗಳಿಗೆ ಹಿಂದೆ ಫೇಟನ್ ಎಂಬ ಹೆಸರಿತ್ತು. ಗ್ರೀಕರ ಪುರಾಣದಲ್ಲಿ ಫೇಥನ್ ಎಂಬವನು ಸೂರ್ಯನ ಮಗ. ತಂದೆಯ ರಥವನ್ನು ಹಟದಿಂದ ಬೇಡಿ ಪಡೆದು, ಅದನ್ನು ನಡೆಸಲರಿಯದೆ ಕೆಟ್ಟವನು. ಪರರ ರಥಕ್ಕೆ ಕೈಹಾಕುವ ಮುದುಕರಿಗೂ ಆ ಕಥೆಯು ಸಲ್ಲುತ್ತದೆ.

ಮರುದಿನ ನಾನು ಅಳಿಯಂದಿರ ಸಂಗಡ ಅದೇ ಊರಿನಲ್ಲಿ ಗಾಡಿಗಳ ಚಾವಣಿಯನ್ನು ಹೊಲಿಯುವ ಕುಶಲಿಯೊಬ್ಬನ ಬಳಿಗೆ ಹೋದೆನು. ಆತನು ಬಟ್ಟೆಯ ತುಂಡೊಂದನ್ನು ಕತ್ತರಿಸಿ ಅದರ ಅಂಚನ್ನು ತೋರಿಸಿದನು. ನೋಡುವುದಕ್ಕೆ ಒಂದೇ ಬಟ್ಟೆಯಾಗಿ ಕಾಣುವುದು ವಾಸ್ತವವಾಗಿ ಮೂರು ಪದರ. ಹೊರಗಿನದು ಅಕ್ರಿಲಿಕ್ ನೂಲಿನ ನೇಯ್ಗೆ. ಇದು ಬಿಸಿಲಿಗೆ ಬೇಗನೆ ಬಣ್ಣಗೆಡದು. ನಡುವಿನದು ರಬ್ಬರು, ನೀರನ್ನು ನಿಜವಾಗಿ ತಡೆಯುವುದು ಇದೇ. ಒಳಗಿನದು ಹತ್ತಿಯ ಅಥವಾ ಪಾಲಿಯೆಸ್ಟರಿನ ಬಟ್ಟೆ. ಇವುಗಳ ಕೆಳಗೆ ಎಷ್ಟೋ ಗಾಡಿಗಳಲ್ಲಿ ಬೇರೆಯೊಂದು ಅಸ್ತರಿಯೂ ಇರುವುದು.

ಈ ಯುಕ್ತಿಯು ಮೋಟಾರಿಗಿಂತ ಹಳೆಯದು. ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ರಸಾಯನಜ್ಞನು ಕಲ್ಲಿದ್ದಲಿನ ಟಾರಿನಿಂದ ದೊರೆಯುವ ನಾಫ್ತದಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಅಂಟಿಸಿ, 1823ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಮಳೆಯಂಗಿಗೆ ಇಂದಿಗೂ ಅವನ ಹೆಸರುಂಟು. ಆದರೆ ಆ ರಬ್ಬರು ಸೆಕೆಯಲ್ಲಿ ಅಂಟಾಗುತ್ತಿತ್ತು, ಚಳಿಯಲ್ಲಿ ಬಿರುಸಾಗುತ್ತಿತ್ತು. ಗಂಧಕವನ್ನು ಬೆರೆಸಿ ಕಾಯಿಸಿದರೆ ಈ ದೋಷವು ಕಳೆಯುವುದೆಂದು ಅಮೆರಿಕಾದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಆದಕಾರಣ ಗಾಡಿಯ ಚಾವಣಿಯೆಂದರೆ ದೊಡ್ಡದೊಂದು ಮಳೆಯಂಗಿಯೆಂದೇ ತಿಳಿಯತಕ್ಕದ್ದು. ಮಳೆಯಂಗಿಯನ್ನು ಯಾವ ಗೃಹಿಣಿಯೂ ಕಲ್ಲಿನ ಮೇಲೆ ಒಗೆಯಲಾರಳಷ್ಟೆ.

ಇನ್ನು ನನ್ನ ತಪ್ಪುಗಳನ್ನು ಎಣಿಸುತ್ತೇನೆ. ಒಗೆಯುವ ಪುಡಿಯಲ್ಲಿ ಕ್ಷಾರವೂ, ಬಟ್ಟೆಯನ್ನು ಬೆಳ್ಳಗೆ ತೋರಿಸುವ ದ್ರವ್ಯಗಳೂ ಇರುವುದರಿಂದ ಬಣ್ಣದ ಚಾವಣಿಯ ಮೇಲೆ ಗೆರೆಗಳು ಉಳಿಯುತ್ತವೆ. ಹೊರಗಿನ ನೂಲಿಗೆ ನೀರನ್ನು ಹಿಮ್ಮೆಟ್ಟಿಸುವ ತೆಳುವಾದ ಲೇಪವೊಂದಿರುತ್ತದೆ. ಬಿರುಸಾದ ಸಾಬೂನೂ ಗಡುಸಾದ ಬ್ರಷ್ಷೂ ಅದನ್ನು ಕಿತ್ತುಹಾಕುತ್ತವೆ. ಸಾಬೂನು ಪೂರ್ತಿಯಾಗಿ ಹೋಗದೆ ನೂಲಿನಲ್ಲಿ ನಿಂತರೆ ಅದೇ ನೀರನ್ನು ಒಳಕ್ಕೆ ಕರೆಯುತ್ತದೆ, ಧೂಳನ್ನೂ ಹಿಡಿಯುತ್ತದೆ. ಇವೆಲ್ಲಕ್ಕಿಂತ ದೊಡ್ಡ ತಪ್ಪು ತೇವವಿದ್ದ ಚಾವಣಿಯನ್ನು ಮಡಿಸಿದುದು. ಬೂಷ್ಟಿಗೆ ಬೇಕಾದುದು ತೇವ, ಗಾಳಿಯಾಡದ ಜಾಗ, ತಿನ್ನಲು ಸ್ವಲ್ಪ ಕೊಳೆ. ಈ ಮೂರನ್ನೂ ನಾನು ಒಂದೇ ಮಡಿಕೆಯಲ್ಲಿ ಕಟ್ಟಿಕೊಟ್ಟಿದ್ದೆನು.

ಆ ಕುಶಲಿಯು ಕಲಿಸಿದ ಕ್ರಮವು ಹೀಗಿದೆ. ಮೊದಲು ದಿನವನ್ನು ಆರಿಸಿಕೊಳ್ಳಬೇಕು: ಒಣಗಾಳಿಯಿರಬೇಕು, ಗಾಡಿಯು ನೆರಳಿನಲ್ಲಿರಬೇಕು, ಚಾವಣಿಯು ಮುಟ್ಟಿದರೆ ತಣ್ಣಗಿರಬೇಕು. ಕಾದ ಬಟ್ಟೆಯ ಮೇಲೆ ಸಾಬೂನು ಒಣಗಿ ಕಲೆಯಾಗುವುದು. ಚಾವಣಿಯನ್ನು ಮುಚ್ಚಿ ಬಿಗಿದು, ಕಿಟಕಿಗಳನ್ನೆಲ್ಲ ಏರಿಸಿ, ಮೃದುವಾದ ಬ್ರಷ್ಷಿನಿಂದ ಒಣಧೂಳನ್ನು ಒಂದೇ ದಿಕ್ಕಿಗೆ ಗುಡಿಸಿ ತೆಗೆಯಬೇಕು. ಧೂಳಿರುವಾಗಲೇ ನೀರನ್ನು ಸುರಿದರೆ ಅದು ಕೆಸರಾಗಿ ನೇಯ್ಗೆಯೊಳಗೆ ಸೇರುವುದು. ಹಕ್ಕಿಯ ಹಿಕ್ಕೆಯು ಒಣಗಿದ್ದರೆ ಕೆರೆಯಕೂಡದು. ಒದ್ದೆಬಟ್ಟೆಯನ್ನು ಕೆಲವು ನಿಮಿಷ ಅದರ ಮೇಲೆ ಹಾಸಿ, ನೆನೆದ ಮೇಲೆ ಮೆಲ್ಲನೆ ಎತ್ತಬೇಕು.

ತರುವಾಯ ಚಾವಣಿಯನ್ನೂ ಅದರ ಸುತ್ತಲಿನ ಬಣ್ಣದ ಲೋಹವನ್ನೂ ನೀರಿನಿಂದ ಚೆನ್ನಾಗಿ ನೆನೆಸಬೇಕು. ಕೊಳವೆಯ ನೀರು ಸಾಧಾರಣವಾಗಿ ಹರಿದರೆ ಸಾಕು. ಯಂತ್ರದಿಂದ ಬಿರುಸಾಗಿ ಚಿಮ್ಮಿಸುವ ನೀರು ಹೊಲಿಗೆಯ ರಂಧ್ರಗಳಲ್ಲಿ ನುಗ್ಗುವುದು, ನೂಲನ್ನೂ ಎಬ್ಬಿಸುವುದು. ದೊಡ್ಡ ಬ್ರಷ್ಷುಗಳು ತಾವೇ ತಿರುಗಿ ಗಾಡಿ ತೊಳೆಯುವ ಅಂಗಡಿಗಳಿಗೂ ಇಂಥ ಗಾಡಿಯನ್ನು ಒಯ್ಯದಿರುವುದೇ ಲೇಸು. ಬಟ್ಟೆಯ ಚಾವಣಿಗೆಂದೇ ಮಾಡಿದ ದ್ರವವನ್ನೋ, ಕ್ಷಾರವೂ ಆಮ್ಲವೂ ಅಲ್ಲದ ಮೆದುವಾದ ಸಾಬೂನನ್ನೋ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಮೃದುವಾದ ಬ್ರಷ್ಷಿನಿಂದ ನೇಯ್ಗೆಯ ಗೆರೆಯನ್ನನುಸರಿಸಿ ಉಜ್ಜಬೇಕು. ಕಲೆಯಿರುವ ಒಂದೇ ಕಡೆಯನ್ನು ಉಜ್ಜಿ ಬಿಟ್ಟರೆ ಅಲ್ಲೊಂದು ಬಳೆಯಂಥ ಗುರುತು ಉಳಿಯುವುದು; ಆದುದರಿಂದ ಇಡೀ ಚಾವಣಿಯನ್ನು ಒಂದೇ ಸಲಕ್ಕೆ ತೊಳೆಯತಕ್ಕದ್ದು. ನೊರೆಯು ಒಣಗುವುದಕ್ಕೆ ಮೊದಲೇ ನೀರು ಹೊಯ್ಯಬೇಕು. ಹರಿದು ಬರುವ ನೀರು ನೊರೆಯಿಲ್ಲದೆ ತಿಳಿಯಾಗುವವರೆಗೂ ಹೊಯ್ಯುತ್ತಲೇ ಇರಬೇಕು.

ಬೂಷ್ಟು ಕಂಡಾಗ ಬಿಳುಪು ಮಾಡುವ ಕ್ಲೋರಿನ್ ದ್ರವವನ್ನು ಸುರಿಯಬೇಕೆಂದು ಮನಸ್ಸಾಗುವುದು ಸಹಜ. ಅದು ಹೊಲಿಗೆಯ ದಾರವನ್ನೂ ರಬ್ಬರನ್ನೂ ತಿನ್ನುವುದರಿಂದ ಕೂಡದು. ಎಣ್ಣೆಯ ಕಲೆಯೆಂದು ಪೆಟ್ರೋಲು, ಸೀಮೆಎಣ್ಣೆಗಳಿಂದ ಒರಸುವುದಂತೂ ಸರ್ವಥಾ ಕೂಡದು. ಮ್ಯಾಕಿಂಟಾಷನು ರಬ್ಬರನ್ನು ಕರಗಿಸಿದ್ದು ಇವುಗಳ ಜಾತಿಯ ದ್ರವದಿಂದಲೇ ಅಲ್ಲವೆ? ಗಂಧಕದಿಂದ ಪಕ್ವವಾದ ಈಗಿನ ರಬ್ಬರು ಹಾಗೆ ಕರಗದಿದ್ದರೂ ಉಬ್ಬುವುದು. ಪದರಗಳ ಅಂಟು ಬಿಡುವುದು.

ತೊಳೆದ ಮೇಲೆ ನೂಲು ಬಿಡದ ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರನ್ನು ಹೀರಿಸಿ, ಚಾವಣಿಯನ್ನು ಮುಚ್ಚಿದಂತೆಯೇ ಬಿಟ್ಟು ಗಾಳಿಗೆ ಒಣಗಿಸಬೇಕು. ಬಯಲಿನ ಭಾಗವು ಮೊದಲು ಒಣಗುವುದು. ಹೊಲಿಗೆಗಳೂ ಅಂಚುಗಳೂ ಕಡೆಯಲ್ಲಿ. ನಾನು ಮೋಸಹೋದುದು ಇಲ್ಲಿಯೇ. ಕೈಯನ್ನು ನಡುಭಾಗದ ಮೇಲಿಟ್ಟು ನೋಡಬಾರದು, ಹೊಲಿಗೆಯ ಮೇಲಿಟ್ಟು ನೋಡಬೇಕು. ಸಂದೇಹವಿದ್ದರೆ ಆ ದಿನ ಮಡಿಸದಿರುವುದೇ ಕ್ಷೇಮ.

ಒಣಗಿದ ಚಾವಣಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹನಿಗಳು ಗುಂಡಾಗಿ ನಿಂತರೆ ಲೇಪವು ಚೆನ್ನಾಗಿದೆಯೆಂದರ್ಥ. ಹರಡಿ ಒಳಗಿಳಿದರೆ ಹೊಸ ಲೇಪ ಬೇಕು. ಇದಕ್ಕೆಂದೇ ಸಿಂಪಡಿಸುವ ದ್ರವಗಳು ದೊರೆಯುತ್ತವೆ. ಗಾಜಿಗೂ ಬಣ್ಣಕ್ಕೂ ಸಿಡಿಯದಂತೆ ಕಾಗದ ಕಟ್ಟಿ, ಗಾಳಿಯಿಲ್ಲದ ಕಡೆ ತೆಳ್ಳಗೆ ಎರಡು ಸಲ ಹಾಕಿ, ಡಬ್ಬಿಯ ಮೇಲೆ ಹೇಳಿರುವಷ್ಟು ಕಾಲ ನೀರು ತಾಗದಂತೆ ಬಿಡಬೇಕು. ಫ್ಲೋರಿನ್ ಸೇರಿದ ಲೇಪಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಬಹುಕಾಲ ಅಳಿಯದೆ ಉಳಿಯುವುದರಿಂದ, ಅದಿಲ್ಲದ ಲೇಪಗಳೂ ಈಗ ಬಂದಿವೆ.

ಕಣ್ಣಿಗೆ ಕಾಣದ ಇನ್ನೊಂದು ಭಾಗವುಂಟು. ಚಾವಣಿಯಿಂದಿಳಿದ ನೀರು ಹೊರಕ್ಕೆ ಹೋಗಲೆಂದು ಗಾಡಿಯ ಪಕ್ಕದಲ್ಲಿ ಸಣ್ಣ ಕೊಳವೆಗಳಿರುತ್ತವೆ. ತರಗೆಲೆಯೂ ಕಸವೂ ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೆ ಹರಿದು ಕಾಲಡಿಯ ಹಾಸನ್ನು ನೆನೆಸುವುದು. ಚಾವಣಿ ತೂತಾಯಿತೆಂದು ನಾವು ಸುಮ್ಮನೆ ಅದನ್ನು ದೂರುವೆವು. ಒಂದು ಲೋಟ ನೀರನ್ನು ಹೊಯ್ದು ಗಾಡಿಯ ಕೆಳಗೆ ಸುರಿಯುವುದೋ ಎಂದು ನೋಡಬೇಕು. ಸುರಿಯದಿದ್ದರೆ ಬಾಗುವ ಪ್ಲಾಸ್ಟಿಕ್ ದಾರವನ್ನು ಮೆಲ್ಲನೆ ತೂರಿಸಬೇಕು; ತಂತಿಯನ್ನು ಚುಚ್ಚಿದರೆ ಕೊಳವೆ ಹರಿಯುವುದು. ಬಾಗಿಲಿನ ಸುತ್ತಲಿನ ರಬ್ಬರು ಪಟ್ಟಿಗಳಿಗೆ ಸಿಲಿಕೋನ್ ಲೇಪವು ಯೋಗ್ಯ, ಗ್ರೀಸು ಅಯೋಗ್ಯ.

ಹಿಂಬದಿಯ ಕಿಟಕಿಯು ಕೆಲವು ಗಾಡಿಗಳಲ್ಲಿ ಗಾಜು, ಕೆಲವುಗಳಲ್ಲಿ ಪ್ಲಾಸ್ಟಿಕ್ಕು. ದೃಷ್ಟಾಂತಕ್ಕೆ, 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಗಾಡಿಯಲ್ಲಿ ಅದು ಪ್ಲಾಸ್ಟಿಕ್ಕಿನದಾಗಿದ್ದು, 1998ರಲ್ಲಿ ಬಂದ ಎರಡನೆಯ ಮಾದರಿಯಲ್ಲಿ ಗಾಜಾಯಿತು. ಪ್ಲಾಸ್ಟಿಕ್ಕಾದರೆ ಒಣಬಟ್ಟೆಯಿಂದ ಒರಸಬಾರದು, ಗೀರು ಬೀಳುವುದು. ಅಮೋನಿಯಾ ಸೇರಿದ ದ್ರವವನ್ನು ಹಾಕಬಾರದು. ಕೊರೆಯುವ ಚಳಿಯಲ್ಲಿ ಮಡಿಸಿದರೆ ಸೀಳುವುದೂ ಉಂಟು.

ನಮ್ಮ ಮಲೆನಾಡಿನ ಜೀಪುಗಳ ಹುಡ್ಡುಗಳಿಗೂ ಇದೆಲ್ಲವೂ ಸಲ್ಲುವುದೇ ಎಂದು ಕೆಲವರು ಕೇಳಬಹುದು. ಅವುಗಳಲ್ಲಿ ಎಷ್ಟೋ ರೆಕ್ಸಿನ್ನಿನವು. ರೆಕ್ಸಿನ್ನಿಗೆ ಬಟ್ಟೆಯ ಲೇಪವು ಹತ್ತದು, ಅದಕ್ಕೆ ಬೇರೆಯೇ ಉಂಟು. ಆದರೆ ಒಣಗಿಸಿ ಮಡಿಸಬೇಕೆಂಬ ನಿಯಮವು ಎರಡಕ್ಕೂ ಒಂದೇ. ಜಡಿಮಳೆಯ ಸೀಮೆಯಲ್ಲಿ ಅದರ ಅಗತ್ಯವು ಮತ್ತಷ್ಟು. ನೆನೆದ ಹುಡ್ಡನ್ನು ಎಲ್ಲಿಯಾದರೂ ಮಡಿಸಲೇಬೇಕಾಗಿ ಬಂದರೆ, ಮನೆ ಸೇರಿದ ಕೂಡಲೆ ಬಿಚ್ಚಿ ಗಾಳಿಗೆ ಹರಡಬೇಕು.

ಅಳಿಯಂದಿರ ಗಾಡಿಯ ಚಾವಣಿಯನ್ನು ನಾನೂ ಅವರೂ ಎರಡು ಭಾನುವಾರ ಕೂಡಿ ಈ ಕ್ರಮದಲ್ಲಿ ತೊಳೆದು, ಒಣಗಿಸಿ, ಲೇಪ ಹಾಕಿದೆವು. ಹೊರಮೈಯ ಗೆರೆಗಳು ಬಹುಮಟ್ಟಿಗೆ ಹೋದವು. ನೀರು ಮತ್ತೆ ಹನಿಯಾಗಿ ನಿಂತಿತು. ಒಳಗಿನ ಅಸ್ತರಿಯಲ್ಲಿ ಅಂಗೈಯಗಲದ ಕಲೆಯೊಂದು ಮಾತ್ರ ಹೋಗಲಿಲ್ಲ. ಅಸ್ತರಿಯನ್ನು ಬದಲಿಸಲು ಹಣ ಕೊಡುವೆನೆಂದು ನಾನೆಷ್ಟು ಹೇಳಿದರೂ ಅಳಿಯಂದಿರು ಒಪ್ಪಲಿಲ್ಲ. ಆ ಎರಡು ಭಾನುವಾರಗಳಲ್ಲಿ ಬಕೀಟನ್ನು ನಡುವೆ ಇಟ್ಟುಕೊಂಡು ನಾವಿಬ್ಬರು ಆಡಿದಷ್ಟು ಮಾತನ್ನು ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಆಡಿರಲಿಲ್ಲ.

ಪ್ರಶ್ನೆ ಕೇಳಿದ ತಾಯಿಯವರಿಗೆ ನನ್ನ ಬಿನ್ನಹವಿಷ್ಟೆ. ತೊಳೆಯುವ ಕೆಲಸವನ್ನು ಮಗನಿಲ್ಲದಾಗ ಮಾಡಿಸಬೇಡಿ. ಅವನನ್ನು ಕರೆದು, ಅವನ ಕೈಯಿಂದಲೇ ಮಾಡಿಸಿ. ರೇಷ್ಮೆಯ ಸೀರೆಯನ್ನು ತೇವವಾರದೆ ಪೆಟ್ಟಿಗೆಯಲ್ಲಿಡಬಾರದೆಂದು ತಾವು ಬಲ್ಲಿರಿ. ಆ ಬುದ್ಧಿಯನ್ನೇ ಅವನಿಗೂ ಹೇಳಿಕೊಡಿ.