ನಾಳೆ ಪಂದ್ಯ, ಇವತ್ಯಾಕೆ ಫುಲ್ ಲೋಡು?

"ನಾಳೆ ಪಂದ್ಯ ಐತೆ, ಇವತ್ತೊಂದ್ ಸಲ ಫುಲ್ ಹಾಕಿ ಎತ್ತಿ ನೋಡ್ಬಿಡ್ಲಾ."

ವರದಿಗೆಂದು ಮತ್ತೋಡು, ಹೊಸದುರ್ಗದ ಕಡೆ ತಿರುಗುವಾಗ ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ. ಒಬ್ಬರು ಊರಿನ ಅಣ್ಣ, ಇನ್ನೊಬ್ಬರು ಮೇಷ್ಟ್ರು. ಹುಡುಗ ಗೆಲ್ಲಲಿ ಅಂತಲೇ ಹೇಳುತ್ತಾರೆ. ಆದರೆ ಅವನನ್ನು ಸೋಲಿಸುವುದು ಇದೇ ಮಾತು.

ನನ್ನ ಕಥೆ ಕೇಳಿ. ಡಿಪ್ಲೊಮಾ ಓದುವಾಗ ನಾನೂ ಭಾರ ಎತ್ತುತ್ತಿದ್ದೆ. ಪಂದ್ಯದ ಹಿಂದಿನ ಸಂಜೆ ಹಿರಿಯರೊಬ್ಬರು ಹುರಿದುಂಬಿಸಿ 80 ಕೆ.ಜಿ. ಹಾಕಿಸಿದರು. ಎರಡು ಸಲ ಕೆಳಗೆ ಬಿಟ್ಟೆ, ಮೂರನೇ ಸಲ ಹೇಗೋ ಎತ್ತಿದೆ. ಶಿಳ್ಳೆ, ಚಪ್ಪಾಳೆ. ಬೆಳಿಗ್ಗೆ ಎದ್ದರೆ ಸೊಂಟ ಬಗ್ಗದು. ಪಂದ್ಯದಲ್ಲಿ 65ಕ್ಕೇ ಮೂರೂ ಯತ್ನ ಹೋದವು. ಬಸ್ಸಿಗೆ, ಊಟಕ್ಕೆ ಅಪ್ಪ ಕೊಟ್ಟಿದ್ದು ಕೊಬ್ಬರಿ ಮಾರಿದ ದುಡ್ಡು. ಆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಅವತ್ತು ಜೊತೆಗಿರಲಿಲ್ಲ.

ವೇಟ್‌ಲಿಫ್ಟಿಂಗ್ ನಿಯಮ ಗೊತ್ತಿದ್ದವರು ಹಾಗೆ ಮಾಡಿಸುವುದಿಲ್ಲ. ಸ್ನ್ಯಾಚ್‌ಗೆ ಮೂರು ಯತ್ನ, ಕ್ಲೀನ್ ಅಂಡ್ ಜರ್ಕ್‌ಗೆ ಮೂರು ಯತ್ನ. ಯಾವುದೇ ಒಂದರಲ್ಲಿ ಮೂರೂ ತಪ್ಪಿದರೆ ಒಟ್ಟು ಅಂಕವೇ ಇಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಚಾನು ಅವರಿಗೆ ಆಗಿದ್ದು ಅದೇ. ಅದೇ ಚಾನು ಟೋಕಿಯೊದಲ್ಲಿ ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ತಂದರು. ಭಾರ ಮೇಲೆ ಹೋದರೆ ಸಾಲದು. ಮೊಣಕೈ ಮಡಚಿ ಆಮೇಲೆ ತಳ್ಳಿದರೆ ಕೆಂಪು ದೀಪ. ಮೂವರು ತೀರ್ಪುಗಾರರಲ್ಲಿ ಇಬ್ಬರು ಒಪ್ಪಬೇಕು. ಅಂದರೆ ಅಲ್ಲಿ ಪರೀಕ್ಷೆ ಆಗುವುದು ಬರೀ ತೋಳಲ್ಲ, ವರಸೆ.

ವರಸೆ ಕೂರುವುದು ಹಗುರ ಭಾರದಲ್ಲಿ. ಬಾರು ಮೊಣಕಾಲ ಹತ್ತಿರವೇ ಮೇಲೆ ಬರಬೇಕು, ಮೊದಲು ಕಾಲು ತಳ್ಳಬೇಕು, ತೋಳು ಅವಸರಪಡಬಾರದು, ಸರಿಯಾದ ಕ್ಷಣಕ್ಕೆ ಬಾರಿನ ಕೆಳಗೆ ನುಗ್ಗಬೇಕು. ಭಾರ ಜಾಸ್ತಿಯಾದರೆ ಮೈ ಹೇಗಾದರೂ ಎತ್ತಲು ನೋಡುತ್ತದೆ, ತಪ್ಪು ದಾರಿ ಹಿಡಿಯುತ್ತದೆ. ಕೊನೆಯ ದಿನ ಕಲಿತ ತಪ್ಪನ್ನೇ ಮರುದಿನ ವೇದಿಕೆಗೆ ಹೊತ್ತೊಯ್ಯುತ್ತದೆ.

"ಹಗುರ ಎತ್ತಿದ್ರೆ ಶಕ್ತಿ ಬರ್ತದಾ?" ಅಂತ ಕೇಳುತ್ತೀರಿ. ಬರುವುದಿಲ್ಲ, ಒಪ್ಪಿದೆ. ಆದರೆ ಫುಲ್ ಲೋಡು ಹಾಕಿದರೂ ಒಂದು ರಾತ್ರಿಯಲ್ಲಿ ಶಕ್ತಿ ಬರುವುದಿಲ್ಲ. ಶಕ್ತಿ ತಿಂಗಳುಗಟ್ಟಲೆ ದುಡಿದು ಕೂಡಿಸುವ ಗಂಟು. ಕೊನೆಯ ದಿನ ದಣಿದರೆ ಆ ಗಂಟನ್ನೇ ಖರ್ಚು ಮಾಡಿದಂತೆ.

ಇನ್ನೊಂದು ಮಾತು: "ನಮ್ ಹುಡುಗ್ರು ರಾಗಿ ಮೂಟೆ ಹೊರೋರು, ಇವ್ರಿಗೇನು ಟೆಕ್ನಿಕ್ಕು?" ಮೂಟೆ ಬೆನ್ನಿನ ಮೇಲೆ ಕೂರುತ್ತದೆ, ನಿಧಾನಕ್ಕೆ ಹೆಜ್ಜೆ ಇಡಬಹುದು. ಸ್ನ್ಯಾಚ್‌ನಲ್ಲಿ ನೆಲದಿಂದ ನೆತ್ತಿಯ ಮೇಲಕ್ಕೆ ಒಂದೇ ಏಟಿಗೆ ಹೋಗಬೇಕು. ಎರಡೂ ಒಂದೇ ಅಲ್ಲ. ಮಿಜೋರಾಂನ ಜೆರೆಮಿ ಲಾಲ್‌ರಿನ್ನುಂಗಾ ಚಿಕ್ಕಂದಿನಲ್ಲಿ ಬಿದಿರು ಕೋಲು ಹಿಡಿದು ವರಸೆ ಕಲಿತವರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ 300 ಕೆ.ಜಿ. ಎತ್ತಿ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಕುಂದಾಪುರ ಕಡೆಯ ನಮ್ಮ ಗುರುರಾಜ ಪೂಜಾರಿ 269 ಕೆ.ಜಿ. ಎತ್ತಿ ಕಂಚು ತಂದರು. 2018ರಲ್ಲಿ ಅವರಿಗೆ ಬೆಳ್ಳಿಯೂ ಬಂದಿತ್ತು. ಅವರ ಅಪ್ಪ ಪಿಕಪ್ ಗಾಡಿ ಓಡಿಸುವವರು. ಬಡತನ ಅಡ್ಡಿಯಾಗಲಿಲ್ಲ. ನಮ್ಮಲ್ಲಿ ಅಡ್ಡಿಯಾಗುತ್ತಿರುವುದು ಹುಂಬತನ.

ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಕುಲುಮೆ ಮುಂದೆ ಕೂತವನು ತಾಕತ್ತು ತೋರಿಸಲು ಹೋಗಿದ್ದರೆ ಒಂದು ಬಳೆಯೂ ಉಳಿಯುತ್ತಿರಲಿಲ್ಲ. ಕೈ ಪಳಗಿತ್ತು, ಅದಕ್ಕೇ ಬಳೆ ಬಂತು.

ಹಾಗಾದರೆ ಮಾಡುವುದೇನು? ಪಂದ್ಯಕ್ಕೆ ನಾಲ್ಕೈದು ದಿನ ಇರುವಾಗಲೇ ದೊಡ್ಡ ಭಾರ ಮುಗಿಸಿ. ಆಮೇಲೆ ಅರ್ಧದಷ್ಟು ಭಾರದಲ್ಲಿ ಎರಡೆರಡು, ಮೂರ್ಮೂರು ಸಲ, ನಡುವೆ ಚೆನ್ನಾಗಿ ದಣಿವಾರಿಸಿಕೊಂಡು. ಹಗುರ ಅಂತ ಬೇಕಾಬಿಟ್ಟಿ ಎತ್ತುವಂತಿಲ್ಲ. ಪ್ರತಿ ಸಲವೂ ವೇದಿಕೆ ಮೇಲೆ ನಿಂತಂತೆ. ಸುಸ್ತಾಗುವ ಮೊದಲೇ ನಿಲ್ಲಿಸಿ. ಒಬ್ಬರು ಮೊಬೈಲ್‌ನಲ್ಲಿ ಪಕ್ಕದಿಂದ ವಿಡಿಯೊ ಮಾಡಿ ತೋರಿಸಿ. ಅದಕ್ಕೆ ಕಾಸು ಬೇಕಿಲ್ಲ.

ಪಂಚಾಯ್ತಿಯವರಿಗೂ ಒಂದು ಮಾತು. ಜಿಮ್ ಸಾಮಾನು ತರಿಸುವಾಗ ಮೊದಲು ಹಗುರ ಬಾರು, ರಬ್ಬರ್ ಪ್ಲೇಟು ಬರೆಸಿ. ಗಂಡಸರ ಬಾರು ಬರಿದೇ 20 ಕೆ.ಜಿ. ತೂಗುತ್ತದೆ, ಹೆಂಗಸರದ್ದು 15. ಎಂಟನೇ ಕ್ಲಾಸಿನ ಹುಡುಗಿ ಕಲಿಯುವುದು ಹೇಗೆ?

ಅಣ್ಣಂದಿರೇ, ಮೇಷ್ಟ್ರೇ, ಪಂದ್ಯದ ಹಿಂದಿನ ಸಂಜೆ ಹುಡುಗ ಬಾರ್ ಮುಟ್ಟಲು ಬಂದರೆ ಪ್ಲೇಟು ಸೇರಿಸಬೇಡಿ, ತೆಗೆಯಿರಿ. ನಿಮ್ಮ ಚಪ್ಪಾಳೆಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಆಗುವುದಾದರೆ ಅವನ ಜೊತೆ ಬಸ್ಸನ್ನೂ ಹತ್ತಿ.