ಮಗಳು ಬ್ಯಾಗು ಹೆಗಲಿಗೇರಿಸಿದಾಗ...

"ಅಮ್ಮಾ, ಈ ಸಲ ಕ್ರಿಸ್‌ಮಸ್ ರಜೆಗೆ ನಾನೂ ನನ್ನ ಫ್ರೆಂಡೂ ಯೂರೋಪಿಗೆ ಹೋಗ್ತೀವಿ. ಹಾಸ್ಟೆಲ್‌ಗಳಲ್ಲಿ ಇರ್ತೀವಿ, ಜಾಸ್ತಿ ಖರ್ಚಾಗಲ್ಲ."

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಫೋನಿನಲ್ಲಿ ಇಷ್ಟು ಹೇಳಿದರೆ ಸಾಕು, ಒಲೆ ಮೇಲಿನ ಹಾಲು ಉಕ್ಕಿದ್ದೂ ನಿಮಗೆ ಗೊತ್ತಾಗುವುದಿಲ್ಲ. ಇಬ್ಬರೇ ಹೆಣ್ಣುಮಕ್ಕಳು, ಗುರುತು ಪರಿಚಯವಿಲ್ಲದ ದೇಶ, ಕೊರೆಯುವ ಚಳಿ, ಅದರ ಮೇಲೆ ಹಾಸ್ಟೆಲ್ ಬೇರೆ! "ಮದುವೆಯಾದ ಮೇಲೆ ಗಂಡನ ಜೊತೆ ಹೋಗುವೆಯಂತೆ ಬಿಡು" ಎಂಬ ಮಾತು ತುಟಿಯವರೆಗೂ ಬಂದಿರುತ್ತದೆ.

ದಯವಿಟ್ಟು ಆ ಮಾತನ್ನು ಅಲ್ಲೇ ನುಂಗಿಬಿಡಿ. ದುಡಿಮೆ ಅವಳದು, ರಜೆಯೂ ಅವಳದು. ನೀವು ಖಡಾಖಂಡಿತವಾಗಿ ಬೇಡ ಎಂದರೆ ಎರಡರಲ್ಲೊಂದು ಆಗುತ್ತದೆ. ಆಸೆಯನ್ನು ಅದುಮಿಟ್ಟುಕೊಂಡು ಸುಮ್ಮನಾಗುತ್ತಾಳೆ. ಇಲ್ಲವೇ "ಆಫೀಸ್ ಟೂರ್" ಎಂದು ಸುಳ್ಳು ಹೇಳಿ ಹೋಗುತ್ತಾಳೆ. ನಿಜವಾದ ಅಪಾಯ ಇರುವುದು ಇಲ್ಲೇ. ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದರೆ, ಜ್ವರ ಬಂದರೆ, ಗೆಳತಿಯ ಜೊತೆ ಜಗಳವಾದರೆ ಆಕೆ ಮೊದಲು ಫೋನ್ ಮಾಡಬೇಕಾದ್ದು ನಿಮಗೆ. ಸುಳ್ಳು ಹೇಳಿ ಹೋದವಳು ಆ ಫೋನ್ ಮಾಡುತ್ತಾಳೆಯೇ? ಯೋಚಿಸಿ ನೋಡಿ.

ಹಾಸ್ಟೆಲ್ ಅಂದರೆ ಛತ್ರ

ಹಾಸ್ಟೆಲ್ ಎಂದ ಕೂಡಲೇ ನಮಗೆ ನೆನಪಾಗುವುದು ವಾರ್ಡನ್, ನೀರು ಸಾರು, ರಾತ್ರಿ ಎಂಟಕ್ಕೆ ಹಾಕುವ ಗೇಟು. ಪ್ರವಾಸಿಗರ ಹಾಸ್ಟೆಲ್ ಹಾಗಲ್ಲ. ಅದು ಒಂದು ರೀತಿಯಲ್ಲಿ ನಮ್ಮ ಛತ್ರವೇ. ಒಂದು ಕೋಣೆ, ಅದರಲ್ಲಿ ನಾಲ್ಕೋ ಎಂಟೋ ಮಂಚ, ಸಾಮಾನಿಡಲು ಲಾಕರ್, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಹೆಂಗಸರಿಗೇ ಮೀಸಲಾದ ಕೋಣೆಗಳೂ ಬಹಳ ಕಡೆ ಉಂಟು. ಇದನ್ನು ಶುರು ಮಾಡಿದವರು ಜರ್ಮನಿಯ ಒಬ್ಬ ಶಾಲಾ ಮೇಷ್ಟ್ರು, ರಿಚರ್ಡ್ ಶಿರ್ಮನ್. 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದೊಯ್ದಾಗ ಜೋರು ಮಳೆ ಹಿಡಿದು, ಒಂದು ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ನಡೆದು ಬರುವ ಮಕ್ಕಳಿಗೆ ಊರೂರಲ್ಲೂ ಇಂಥದೊಂದು ಜಾಗ ಯಾಕಿರಬಾರದು ಎನಿಸಿತಂತೆ. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ಬಂತು.

ಧರ್ಮಸ್ಥಳದಲ್ಲೋ ತಿರುಪತಿಯಲ್ಲೋ ಗುರುತಿಲ್ಲದ ಹೆಂಗಸರ ಪಕ್ಕ ಚಾಪೆ ಹಾಸಿ, ಪರ್ಸನ್ನು ತಲೆದಿಂಬಿನಡಿ ಇಟ್ಟು ನಮ್ಮ ಅಜ್ಜಿಯಂದಿರು ಮಲಗಿ ಎದ್ದು ಬಂದಿಲ್ಲವೇ? ದೇವರ ಹೆಸರಿದ್ದರೆ ಧೈರ್ಯ, ಸುತ್ತಾಟ ಎಂದರೆ ಭಯ! ಅದೇ ಮಗ ಕೇಳಿದ್ದರೆ "ಸ್ವೆಟರ್ ಮರೀಬೇಡ ಕಣೋ" ಎಂದಷ್ಟೇ ಹೇಳುತ್ತಿದ್ದಿರಿ, ಅಲ್ವಾ?

ಮೊದಲು ಬೆಟ್ಟ ಹತ್ತಿಸಿ

ಹೂಂ ಅನ್ನುವ ಮೊದಲು ಒಂದು ಪರೀಕ್ಷೆ ಇಡಿ. ಖರ್ಚಿಲ್ಲದ ಪರೀಕ್ಷೆ. ಮಗಳನ್ನೂ ಆ ಗೆಳತಿಯನ್ನೂ ಒಂದು ಭಾನುವಾರ ಮೈಸೂರಿಗೆ ಕರೆಸಿಕೊಳ್ಳಿ. ಪ್ರವಾಸಕ್ಕೆ ಒಯ್ಯುವ ಬ್ಯಾಗನ್ನೇ ಪೂರ್ತಿ ತುಂಬಿ ಹೊತ್ತುಕೊಂಡು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಲಿ. ನೀವೂ ಜೊತೆಗೆ ಹೋಗಿ, ಬ್ಯಾಗಿಲ್ಲದೆ!

ಮುಕ್ಕಾಲು ದಾರಿಯ ನಂದಿ ಬರುವಷ್ಟರಲ್ಲಿ ಬ್ಯಾಗಿನಲ್ಲಿ ಏನು ಹೆಚ್ಚಾಗಿದೆ ಎಂದು ಅವರಿಗೇ ತಿಳಿದಿರುತ್ತದೆ. ಮೂರನೇ ಜೊತೆ ಶೂ, ಹೇರ್ ಡ್ರೈಯರ್ ಎಲ್ಲ ಮನೆಯಲ್ಲೇ ಉಳಿಯುತ್ತವೆ. ಅದಕ್ಕಿಂತ ಮುಖ್ಯವಾದದ್ದು ಗೆಳತಿಯ ಸ್ವಭಾವ. ಒಬ್ಬಳು ಸುಸ್ತಾಗಿ ಕೂತಾಗ ಇನ್ನೊಬ್ಬಳು ಕಾಯುತ್ತಾಳೋ, ಮುಖ ಗಂಟಿಕ್ಕಿಕೊಂಡು ಮುಂದೆ ಹೋಗುತ್ತಾಳೋ? ನೀರಿನ ಬಾಟಲಿ ಹಂಚಿಕೊಳ್ಳುತ್ತಾಳೋ? ಹದಿನೈದು ದಿನ ಒಟ್ಟಿಗೆ ಇರಬೇಕಾದವರು ಅವರು. ಕಾಫಿ ಡೇ ಸ್ನೇಹ ಬೇರೆ, ಪ್ರವಾಸದ ಸ್ನೇಹ ಬೇರೆ.

ಆಷಾಢ ಶುಕ್ರವಾರ ಇದೇ ಮೆಟ್ಟಿಲುಗಳಿಗೆ ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚುತ್ತಾ ಹೆಂಗಸರು ಗುಂಪುಗುಂಪಾಗಿ ಹತ್ತುತ್ತಾರೆ. ಜೊತೆಗೆ ಗಂಡಸರು ಯಾರು ಬಂದಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ಮೇಲಿನಿಂದ ಊರನ್ನು ನೋಡುವಾಗ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ತೋರಿಸಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಈ ಚರ್ಚಿಗೆ ಮಾದರಿ ಜರ್ಮನಿಯ ಕೊಲೋನ್ ಚರ್ಚು. ಮಗಳ ಪಟ್ಟಿಯಲ್ಲಿ ಕೊಲೋನ್ ಇದ್ದರೆ, ಅವಳು ನೋಡಹೊರಟಿರುವುದು ನಮ್ಮೂರ ಗೋಪುರದ ತವರನ್ನು!

ಹಬ್ಬದ ದಿನ ಊರೇ ಬಾಗಿಲು ಹಾಕುತ್ತೆ

ಕ್ರಿಸ್‌ಮಸ್ ಎಂದರೆ ಅಲ್ಲಿ ಬೀದಿಯೆಲ್ಲ ಗಿಜಿಗುಡುತ್ತದೆ ಎಂದುಕೊಂಡಿದ್ದರೆ ಅದು ತಪ್ಪು. ನಮ್ಮ ದಸರಾ ಬೀದಿಯ ಹಬ್ಬ, ಅವರ ಕ್ರಿಸ್‌ಮಸ್ ಮನೆಯೊಳಗಿನ ಹಬ್ಬ. ಕೊಲೋನ್ ಚರ್ಚಿನ ಮುಂದಿನ ಕ್ರಿಸ್‌ಮಸ್ ಸಂತೆ 23ಕ್ಕೇ ಮುಗಿಯುತ್ತದೆ. ಜರ್ಮನಿಯಲ್ಲಿ 24ರ ಮಧ್ಯಾಹ್ನ ಅಂಗಡಿಗಳು ಮುಚ್ಚಿದರೆ 25, 26 ಎರಡೂ ದಿನ ರಜೆ. ಇಂಗ್ಲೆಂಡಿನಲ್ಲಿ 25ರಂದು ರೈಲೇ ಓಡುವುದಿಲ್ಲ, ಲಂಡನ್ ಮೆಟ್ರೋ ಕೂಡ. ಸಂಜೆ ನಾಲ್ಕು, ನಾಲ್ಕೂವರೆಗೆಲ್ಲ ಕತ್ತಲು.

ಹಾಗಾಗಿ 23ರಿಂದ 27ರವರೆಗೆ ಒಂದೇ ಊರಿನಲ್ಲಿ ಇರುವುದು ಜಾಣತನ. ಆ ಹಾಸ್ಟೆಲ್ ಹಬ್ಬದ ದಿನ ತೆರೆದಿರುತ್ತದೆಯೇ, ರಿಸೆಪ್ಷನ್‌ನಲ್ಲಿ ಎಷ್ಟು ಹೊತ್ತಿನವರೆಗೆ ಜನ ಇರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಲಿ. ಮೂರು ದಿನಕ್ಕಾಗುವ ಅಕ್ಕಿ, ತರಕಾರಿ, ಬ್ರೆಡ್ಡನ್ನು 23ಕ್ಕೇ ತಂದಿಟ್ಟುಕೊಳ್ಳಲಿ. ನೀವು ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಡಿ. ತುಪ್ಪ, ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಯೂರೋಪಿಯನ್ ಒಕ್ಕೂಟದಲ್ಲಿ ನಿರ್ಬಂಧವಿದೆ.

ಚಿತ್ರಾನ್ನ ಮಾಡುವುದನ್ನಂತೂ ಕಲಿಸಿಯೇ ಕಳಿಸಿ. ಅಂದು ಹಾಸ್ಟೆಲಿನಲ್ಲಿ ಉಳಿಯುವವರೆಲ್ಲ ಮನೆಯಿಂದ ದೂರ ಇರುವವರೇ. ಒಂದು ಪಾತ್ರೆ ಚಿತ್ರಾನ್ನ ಮೇಜಿನ ಮೇಲಿಟ್ಟರೆ ಯಾರೋ ಸೂಪು, ಯಾರೋ ಕೇಕು ತಂದು ಪಕ್ಕ ಕೂರುತ್ತಾರೆ. ಹಬ್ಬ ಎಂದರೆ ಅಷ್ಟೇ ತಾನೇ?

ಅಮ್ಮ ಕೇಳಲೇಬೇಕಾದ್ದು

* ವೀಸಾ: ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಡಿಸೆಂಬರ್ ಪ್ರವಾಸಕ್ಕೆ ನವೆಂಬರಿನಲ್ಲಿ ಓಡಾಡುವುದು ಬೇಡ.
* ವಿಮೆ: ಆ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಪಾಲಿಸಿಯ ಒಂದು ಪ್ರತಿ ನಿಮ್ಮ ಬೀರುವಿನಲ್ಲೂ ಇರಲಿ.
* ಪಾಸ್‌ಪೋರ್ಟ್: ಜೆರಾಕ್ಸ್ ನಿಮ್ಮ ಬಳಿ ಇರಲಿ. ಕಳೆದರೆ ಪೊಲೀಸ್ ದೂರು ಕೊಟ್ಟು, ಭಾರತದ ರಾಯಭಾರ ಕಚೇರಿಗೆ ಹೋದರೆ ಊರಿಗೆ ಮರಳಲು ತುರ್ತು ಪತ್ರ ಸಿಗುತ್ತದೆ.
* 112: ನಮ್ಮಲ್ಲಿನಂತೆ ಯೂರೋಪಿಯನ್ ಒಕ್ಕೂಟದಲ್ಲೂ ತುರ್ತು ನಂಬರ್ ಇದೇ. ಬಾಯಿಪಾಠವಾಗಿರಲಿ.
* ಬೀಗ: ಲಾಕರಿಗೆ ತನ್ನದೇ ಬೀಗ ಒಯ್ಯಲಿ. ದುಡ್ಡು, ಕಾರ್ಡು ಎಲ್ಲ ಒಂದೇ ಕಡೆ ಬೇಡ.
* ಫೋನ್: ದಿನಕ್ಕೊಂದು ಮೆಸೇಜು, ಹೊತ್ತು ಗೊತ್ತುಮಾಡಿಕೊಳ್ಳಿ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಗಂಟೆಗೊಂದು ಸಲ ನೀವೇ ಫೋನ್ ಮಾಡಿ ಪೀಡಿಸಬೇಡಿ.

ಎಲ್ಲದಕ್ಕೂ ತಲೆಯಾಡಿಸಿ ಎಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಹೊರಟಿದ್ದರೆ, ಎಲ್ಲಿ ಇಳಿದುಕೊಳ್ಳುತ್ತಾಳೆ ಎಂದು ಹೇಳಲಾರದೆ ತೊದಲಿದರೆ, ಗೆಳತಿಯ ಪರಿಚಯ ನಿನ್ನೆ ಮೊನ್ನೆಯದಾಗಿದ್ದರೆ "ಈ ವರ್ಷ ಬೇಡ, ಮುಂದಿನ ವರ್ಷ ಸರಿಯಾಗಿ ತಯಾರಾಗಿ ಹೋಗು" ಎಂದು ಹೇಳಿ. ಕಾರಣ ಕೊಟ್ಟು ಬೇಡ ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ. "ಜನ ಏನಂತಾರೆ" ಎನ್ನುವುದು ಮಾತ್ರ ಕಾರಣವಲ್ಲ.

ನಿಮ್ಮ ಸರದಿ ಯಾವಾಗ?

ಕೊನೆಯದಾಗಿ ಒಂದು ಮಾತು. ಮಗಳು ಕೇಳಿದಾಗ ಎದೆಯಲ್ಲಿ ಭಯದ ಜೊತೆ ಇನ್ನೇನೋ ಚುಚ್ಚಿತಲ್ಲ, ಅದು "ನಾನು ಎಲ್ಲಿಗೂ ಹೋಗಲೇ ಇಲ್ಲವಲ್ಲ" ಎಂಬ ಕೊರಗು ಆಗಿರಬಹುದು. ಅದನ್ನು ಮಗಳ ಮೇಲೆ ಸಿಟ್ಟಾಗಿ ತೋರಿಸಬೇಡಿ. 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾದ ಊರುಗಳಲ್ಲಿ ಮೈಸೂರೂ ಒಂದು. ಮಗಳನ್ನು ಬೀಳ್ಕೊಟ್ಟು ಬಂದ ವಾರವೇ ನಿಮ್ಮದೊಂದು ಅರ್ಜಿ ಹಾಕಿ. ಯೂರೋಪೇ ಆಗಬೇಕೆಂದಿಲ್ಲ, ಜೊತೆಗೆ ಬರುವ ಗೆಳತಿ ಯಾರು ಎಂದು ಈಗಲೇ ನೋಡಿಕೊಳ್ಳಿ. ಅವರನ್ನೂ ಮೊದಲು ಬೆಟ್ಟ ಹತ್ತಿಸುವುದನ್ನು ಮರೆಯಬೇಡಿ!