ರಾತ್ರಿ ಎರಡು ಗಂಟೆಯ ಡಾಕ್ಟರ್



ಕಳೆದ ಸಂಚಿಕೆಯಲ್ಲಿ ಮಾದ್ಲಿ ಮಾಡುವ ಬಗೆ ಬರೆದಿದ್ದೆ. ಈ ಸಲ ಒಲೆಯ ಮುಂದಿನ ಮಾತಲ್ಲ. ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳುವುದಿದೆ.

ನಾಲ್ಕು ವರ್ಷದ ಹಿಂದೆ ನಮ್ಮ ಅತ್ತೆಯವರಿಗೆ ಉಸಿರಾಟದ ತ್ರಾಸು ಜೋರಾಗಿ, ಚಿಮ್ಮಡದಿಂದ ಗಾಡಿ ಮಾಡಿಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಒಯ್ದೆವು. ರಾತ್ರಿ ಎರಡು ಗಂಟೆ. ನೋಡಲು ಬಂದವಳು ಒಬ್ಬ ಸಣ್ಣ ಹುಡುಗಿ. ಕೂದಲು ಕೆದರಿತ್ತು, ಕಣ್ಣು ಕೆಂಪಗಾಗಿದ್ದವು. ಕೇಳಿದ್ದನ್ನೇ ಎರಡು ಸಲ ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. "ಏನವ್ವಾ, ನಿದ್ದಿಗಣ್ಣಾಗ ನೋಡ್ತೀಯೇನ? ದೊಡ್ಡ ಡಾಕ್ಟರನ್ನ ಕರಿ" ಎಂದು ಮಂದಿಯೆಲ್ಲ ಕೇಳುವಂತೆ ಒದರಿದೆ. ಆಕೆ ತಿರುಗಿ ಮಾತಾಡಲಿಲ್ಲ. ಆಕ್ಸಿಜನ್ ಹಚ್ಚಿದಳು, ಬೆಳಗಾಗುವುದರೊಳಗೆ ನಾಲ್ಕು ಸಲ ಬಂದು ನೋಡಿದಳು. ಅತ್ತೆಯವರು ಗುಣವಾಗಿ ಮನೆಗೆ ಬಂದರು. ನಾನು ಆ ಹುಡುಗಿಗೆ ಒಂದು ಒಳ್ಳೆಯ ಮಾತೂ ಆಡದೆ ಬಂದೆ.

ಈಗ ನಮ್ಮ ಅಕ್ಕನ ಮಗಳು ಬೇರೆ ಊರಿನಲ್ಲಿ ಅದೇ ಕೆಲಸದಲ್ಲಿದ್ದಾಳೆ. ದೀಪಾವಳಿಗೆ ಬಂದವಳು ತಾಟಿನ ಮುಂದೆ ಕೂತಲ್ಲೇ ತೂಕಡಿಸಿದಳು. "ಚಿಗವ್ವ, ನಿನ್ನೆ ಮುಂಜಾನೆ ಡ್ಯೂಟಿಗೆ ಹೋದಾಕಿ, ಇವತ್ತ ಮಧ್ಯಾಹ್ನ ಬಿಟ್ಟಾರ. ಸೀದಾ ಬಸ್ ಹತ್ತೇನಿ" ಅಂದಳು. ನನಗೆ ಆ ರಾತ್ರಿಯ ಹುಡುಗಿ ನೆನಪಾಗಿ, ಕೈಯಲ್ಲಿದ್ದ ತುತ್ತು ಇಳಿಯಲಿಲ್ಲ.

ಡಾಕ್ಟರ್ ಆದರೆಂದರೆ ಓದು ಮುಗೀತು, ಗಳಿಕೆ ಶುರುವಾಯ್ತು ಎಂದು ನಾವು ತಿಳಿಯುತ್ತೇವೆ. ಹಾಗಿಲ್ಲ ನೋಡಿ. ಎಂ.ಬಿ.ಬಿ.ಎಸ್.ಗೆ ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮತ್ತೆ ಪರೀಕ್ಷೆ ಬರೆದು ಸೀಟು ಸಿಕ್ಕರೆ ಎಂ.ಡಿ. ಇಲ್ಲವೆ ಎಂ.ಎಸ್.ಗೆ ಮೂರು ವರ್ಷ. ಈ ಮೂರು ವರ್ಷ ಅವರಿಗೆ ರೆಸಿಡೆಂಟ್ ಡಾಕ್ಟರ್ ಎನ್ನುತ್ತಾರೆ. ರೆಸಿಡೆಂಟ್ ಎಂದರೆ ಅಲ್ಲೇ ವಾಸ ಇರುವವರು. ಅಮೆರಿಕದಲ್ಲಿ 1889ರಲ್ಲಿ ಬಾಗಿಲು ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಬೆಳೆದ ಪದ್ಧತಿ ಇದು. ಕಲಿಯುವ ಡಾಕ್ಟರರು ಆಸ್ಪತ್ರೆಯಲ್ಲೇ ಉಂಡು, ಮಲಗಿ, ರೋಗಿಗಳನ್ನು ನೋಡುತ್ತಿದ್ದರು. ಹೆಸರು ಹಾಗೇ ಉಳಿದಿದೆ.

ಇವರಿಗೆ ಕೊಡುವುದು ಪಗಾರವಲ್ಲ, ಸ್ಟೈಪೆಂಡ್. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಮೊದಲ ವರ್ಷದ ಪಿ.ಜಿ.ಯವರಿಗೆ ತಿಂಗಳಿಗೆ 45,000 ರೂಪಾಯಿ ಇತ್ತು. ಏರಿಸಿರೆಂದು 2024ರ ಆಗಸ್ಟ್‌ನಲ್ಲಿ ರೆಸಿಡೆಂಟ್ ಡಾಕ್ಟರರು ಮುಷ್ಕರ ಹೂಡಿದ ಮೇಲೆ ಸರ್ಕಾರ ಶೇಕಡಾ 25 ಹೆಚ್ಚಿಸಿತು, 56,250 ಆಯಿತು. "ಅಷ್ಟು ಬಂದ್ರ ಸಾಲದೇನ?" ಅನ್ನಬೇಡಿ. ಫೀ, ಹಾಸ್ಟೆಲ್, ಪುಸ್ತಕ ಎಲ್ಲ ಅದರಲ್ಲೇ. ಅಕ್ಕ-ಭಾವ ಕಬ್ಬಿನ ಹೊಲದ ಮೇಲೆ ತೆಗೆದ ಸಾಲ ಇನ್ನೂ ತೀರಿಲ್ಲ. ಒಮ್ಮೆ ಮೂರು ತಿಂಗಳು ಸ್ಟೈಪೆಂಡ್ ಬರಲೇ ಇಲ್ಲ. "ಡಾಕ್ಟರ್ ಆಗಿ ಅಪ್ಪನ ಹತ್ರ ರೊಕ್ಕ ಹ್ಯಾಂಗ ಕೇಳ್ಲಿ ಚಿಗವ್ವ?" ಎಂದು ಹುಡುಗಿ ಅತ್ತಳು. ಹಾಲು ಮಾರಿ ಕೂಡಿಟ್ಟದ್ದನ್ನು ನಾನು ಕಳಿಸಿದೆ.

ನಿಯಮ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ನಿಯಮದಲ್ಲಿ ಒಂದೇ ಸಮನೆ 12 ತಾಸು ಮೀರಬಾರದು, ವಾರಕ್ಕೆ 48 ತಾಸು, ಸರದಿಯಂತೆ ವಾರಕ್ಕೊಂದು ರಜೆ ಎಂದಿದೆ. ಜತೆಗೆ "ಸಾಮಾನ್ಯವಾಗಿ" ಎಂಬ ಮಾತೂ ಇದೆ. ಆ ಒಂದು ಮಾತಿನ ಸಂದಿಯಲ್ಲಿ ಮಕ್ಕಳ ನಿದ್ದೆಯೆಲ್ಲ ಸೋರಿಹೋಗುತ್ತದೆ.

2024ರ ಆಗಸ್ಟ್ 9ರಂದು ಕೋಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಏನಾಯಿತೆಂದು ನೀವೂ ಕೇಳಿದ್ದೀರಿ. ರಾತ್ರಿ ಪಾಳಿಯಲ್ಲಿ ದಣಿದು ಸೆಮಿನಾರ್ ಹಾಲಿನಲ್ಲಿ ಮೈಚಾಚಿದ್ದ ಪಿ.ಜಿ. ಹೆಣ್ಣುಮಗಳ ಮೇಲೆ ಅತ್ಯಾಚಾರವಾಗಿ, ಕೊಲೆಯಾಯಿತು. ಅಂದಿನಿಂದ ಮಗಳಿಗೆ ರಾತ್ರಿ ಪಾಳಿಯಿದ್ದರೆ ನಮ್ಮ ಅಕ್ಕನಿಗೂ ನಿದ್ದೆಯಿಲ್ಲ.

ನಮ್ಮ ಕೈಲಾಗುವುದೇನು? ಆಸ್ಪತ್ರೆಗೆ ಹೊರಟಾಗ ಹಳೆಯ ಚೀಟಿ, ನುಂಗುವ ಗುಳಿಗೆ, ತ್ರಾಸು ಯಾವಾಗ ಶುರುವಾಯಿತೆಂಬುದನ್ನು ಬರೆದುಕೊಂಡು ಹೋಗಿ. ಹತ್ತು ಮಂದಿ ಒದರುವ ಬದಲು ಒಬ್ಬರೇ ಮಾತಾಡಿ. ಸಂಶಯ ಬಂದರೆ, "ಮೇಲಿನ ಡಾಕ್ಟರಿಗೆ ಒಮ್ಮೆ ಕೇಳ್ತೀರೇನ್ರಿ?" ಎನ್ನಿ. ಕೇಳುವುದು ನಮ್ಮ ಹಕ್ಕು, ಬಯ್ಯುವುದಲ್ಲ. ಮಕ್ಕಳನ್ನು ಪಿ.ಜಿ.ಗೆ ಸೇರಿಸುವವರು ಸ್ಟೈಪೆಂಡ್ ಎಷ್ಟು, ತಿಂಗಳು-ತಿಂಗಳು ಬರುತ್ತದೆಯೇ, ಹೆಣ್ಣುಮಕ್ಕಳ ಡ್ಯೂಟಿ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂದು ಅಲ್ಲೇ ಓದುತ್ತಿರುವವರನ್ನು ಮೊದಲೇ ವಿಚಾರಿಸಿ. "ಯಾವಾಗ ಗಳಿಸ್ತಿ?" ಎಂದು ಮಾತ್ರ ಕೇಳಬೇಡಿ.

ನಾನಂತೂ ತಿಂಗಳಿಗೊಮ್ಮೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತೇನೆ. ಕೆಡುವುದಿಲ್ಲ, ನಡುರಾತ್ರಿ ಹಸಿವಾದಾಗ ನಿಂತಲ್ಲೇ ತಿನ್ನಬಹುದು. ನಾಲ್ಕು ರೊಟ್ಟಿ ಹೆಚ್ಚಿಗೆ ಇಟ್ಟು, "ಜೋಡಿ ಡ್ಯೂಟಿ ಇದ್ದಾಕಿಗೂ ಕೊಡವಾ" ಎಂದು ಹೇಳುತ್ತೇನೆ. ಆ ರಾತ್ರಿಯ ಹುಡುಗಿಯ ಹೆಸರನ್ನೂ ನಾನು ಕೇಳಿರಲಿಲ್ಲ. ಆಕೆಯ ಪಾಲು ಅದು ಎಂದುಕೊಂಡಿದ್ದೇನೆ.

ಮುಂದಿನ ಸಂಚಿಕೆಯಲ್ಲಿ ಬೇಸಿಗೆಯ ಸಂಡಿಗೆ-ಹಪ್ಪಳದೊಂದಿಗೆ ಭೇಟಿಯಾಗೋಣ.